ಎರಡು ಸ್ಲಾಟಿನ ಬೋರ್ಡು

ಇಪ್ಪತ್ತೆರಡು ವರ್ಷದಿಂದ ಒಂದೇ ಅಂಗಡಿಯ ಒಂದೇ ಕೌಂಟರಿನ ಹಿಂದೆ ಕೂತು ನಾನು ಕಂಪ್ಯೂಟರಿನ ಮದರ್‌ಬೋರ್ಡ್ ಮಾರುತ್ತಿದ್ದೇನೆ. ಅಂಗಡಿಯಲ್ಲಿ ನನಗಿಟ್ಟ ಹೆಸರು ಭೂತಗನ್ನಡಿ. ಅದು ಬೈಗುಳವಲ್ಲ, ಬಿರುದು. ಬೋರ್ಡಿನ ನಡುವೆ ಪ್ರೊಸೆಸರ್ ಕೂರುವ ಒಂದು ಚೌಕ ಇರುತ್ತದೆ, ಸಾಕೆಟ್ ಅನ್ನುತ್ತೇವೆ. ಅದರೊಳಗೆ ಕೂದಲೆಳೆಯಂಥ ಪಿನ್ನುಗಳು ಸಾವಿರಕ್ಕೂ ಮೇಲೆ ಸಾಲಾಗಿ ನಿಂತಿರುತ್ತವೆ. ಒಂದು ಬಾಗಿದರೂ ಬೋರ್ಡು ಹಟ ಹಿಡಿಯುತ್ತದೆ. ಅದಕ್ಕೇ ನಮ್ಮಲ್ಲೊಂದು ಪದ್ಧತಿ. ಬೋರ್ಡು ಕೊಡುವ ಮುಂಚೆ ಸಾಕೆಟ್ಟಿನ ಮುಚ್ಚಳ ತೆಗೆದು, ಭೂತಗನ್ನಡಿಯ ಕೆಳಗೆ ಹಿಡಿದು, ಕೊಳ್ಳುವವರಿಗೆ ಪಿನ್ನು ತೋರಿಸಬೇಕು. ಅವರು ನೋಡಿ ತಲೆಯಾಡಿಸಿದ ಮೇಲೆಯೇ ಪೆಟ್ಟಿಗೆ ಮುಚ್ಚುವುದು. ಆಮೇಲೆ ಪಿನ್ನು ಬಾಗಿದೆ ಎಂದು ಯಾರು ಬಂದು ಗೋಳಾಡಿದರೂ ನಮ್ಮ ಉತ್ತರ ಒಂದೇ: ಇಲ್ಲಿಂದ ಹೊರಟಾಗ ಸರಿಯಿತ್ತು, ಬಾಗಿಸಿದ್ದು ನೀವು. ಈ ಪದ್ಧತಿ ತಂದವನು ನಾನೇ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಹೇಳಹೊರಟಿದ್ದೇನೆ, ಬೇಲಿ ಹಾಕಿದವನು ಯಾರೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಸೊಸೆ ಮದುವೆಗೆ ಮುಂಚೆ ಕಂಪ್ಯೂಟರ್ ರಿಪೇರಿ ಕೆಲಸದಲ್ಲಿದ್ದವಳು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಬಿಟ್ಟಳು ಅನ್ನುವುದಕ್ಕಿಂತ ಬಿಟ್ಟುಹೋಯಿತು ಅನ್ನಬೇಕು. ಮಗು ಮಲಗಿದಾಗೆಲ್ಲ ಮನೆಯ ಹಳೆಯ ಕಂಪ್ಯೂಟರನ್ನು ಬಿಚ್ಚಿಕೊಂಡು ಓವರ್‌ಕ್ಲಾಕಿಂಗ್ ಮಾಡುತ್ತ ಕೂರುತ್ತಿದ್ದಳು. ತಯಾರಿಸಿದವರು ಗೊತ್ತುಮಾಡಿದ ವೇಗವನ್ನು ಮೀರಿ ಪ್ರೊಸೆಸರನ್ನೂ ಮೆಮೊರಿಯನ್ನೂ ಓಡಿಸುವ ಕೆಲಸ ಅದು. ಸ್ವಲ್ಪ ಹೆಚ್ಚು ವಿದ್ಯುತ್ ಕೊಟ್ಟು, ಬಿಸಿಯನ್ನು ಅಂಕೆಯಲ್ಲಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿಸಬೇಕು. ಒಂದು ಮೆಟ್ಟಿಲು ಹೆಚ್ಚಾದರೆ ಯಂತ್ರ ಕಣ್ಣು ಮುಚ್ಚುತ್ತದೆ. ನನ್ನ ಹೆಂಡತಿ ಇದನ್ನು ನೋಡಿ, ಎತ್ತಿಗೆ ಬಾರುಕೋಲಿನಲ್ಲಿ ಹೊಡೆದ ಹಾಗಾಯಿತು ಅನ್ನುತ್ತಿದ್ದಳು. ಸೊಸೆ ನಕ್ಕು, ಇಲ್ಲ ಅತ್ತೆ, ಎತ್ತಿನ ಜೊತೆ ಮಾತಾಡಿದ ಹಾಗೆ ಅನ್ನುತ್ತಿದ್ದಳು.

ಆ ಹೊತ್ತಿಗೆ ಅರ್ಜಿಗೆ ಕರೆಯೊಂದು ಪ್ರಕಟವಾಯಿತು. ಮದರ್‌ಬೋರ್ಡುಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದು ಮೂವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿತ್ತು. ಅಭ್ಯರ್ಥಿಗಳು ಓವರ್‌ಕ್ಲಾಕಿಂಗಿಗೆ ಸರಿಹೋಗುವ ಬೋರ್ಡನ್ನು ತಾವೇ ಆರಿಸಿ ತರಬೇಕು, ಆ ಬೋರ್ಡೇ ಏಕೆ ಎಂದು ಒಂದು ಪುಟ ಬರೆದು ಕೊಡಬೇಕು, ಅದನ್ನು ಓಡಿಸಿ ತೋರಿಸಬೇಕು. ಎರಡು ತಿಂಗಳ ಸಮಯ. ಕೆಲಸಕ್ಕೆ ಮರಳಲು ಸೊಸೆಗೆ ಅದಕ್ಕಿಂತ ಒಳ್ಳೆಯ ಬಾಗಿಲು ಸಿಗುವಂತಿರಲಿಲ್ಲ. ಬೋರ್ಡು ಆರಿಸಲು ಒಂದು ಶನಿವಾರ ಮಧ್ಯಾಹ್ನ ನನ್ನ ಕೌಂಟರಿಗೇ ಬಂದಳು.

ನಾನು ಮೊದಲೇ ಒಂದನ್ನು ತೆಗೆದಿಟ್ಟಿದ್ದೆ. ಅಂಗಡಿಯಲ್ಲಿದ್ದುದರಲ್ಲೇ ಭಾರಿಯದು. ಮೆಮೊರಿ ಪಟ್ಟಿ ಸಿಕ್ಕಿಸುವ ನಾಲ್ಕು ಸ್ಲಾಟು, ಅಂಗೈ ಅಗಲದ ಲೋಹದ ಕವಚ, ಸುತ್ತ ಬಣ್ಣದ ದೀಪ. ಮದುಮಗನನ್ನು ಕೂರಿಸಿದ ಹಾಗೆ ಅದನ್ನು ಕೌಂಟರಿನ ಮೇಲೆ ಕೂರಿಸಿದ್ದೆ. ಸೊಸೆ ಅದನ್ನು ಕೈಗೆತ್ತಿಕೊಂಡು, ತಿರುಗಿಸಿ, ಮೆಲ್ಲಗೆ ಕೆಳಗಿಟ್ಟು, ಮೇಲಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಬೋಳು ಬೋರ್ಡನ್ನು ಕೇಳಿದಳು. ದೀಪವಿಲ್ಲ, ಕವಚ ಇಷ್ಟೇ ಇಷ್ಟು, ಮೆಮೊರಿಗೆ ಎರಡೇ ಸ್ಲಾಟು. ವರ್ಷದಿಂದ ಯಾರೂ ಮೂಸಿ ನೋಡದ ಒಂದೇ ಒಂದು ಪೀಸು.

ಏಕೆ ಎಂದು ಕೇಳಿದೆ. ಅವಳು ಅಂಗಡಿಯ ಮಾಲೀಕರ ಎದುರಿಗೇ ಬಿಡಿಸಿ ಹೇಳಿದಳು. ನಾಲ್ಕು ಸ್ಲಾಟು ಇದ್ದರೆ ಮೆಮೊರಿಗೆ ಹೋಗುವ ದಾರಿ ಉದ್ದವಾಗುತ್ತದೆ, ಕವಲೊಡೆಯುತ್ತದೆ, ವೇಗ ಏರಿಸಿದಾಗ ಸಂಕೇತ ಕಲಸಿಹೋಗುತ್ತದೆ. ಎರಡೇ ಇದ್ದರೆ ದಾರಿ ಹತ್ತಿರ, ಚೊಕ್ಕ. ವಿದ್ಯುತ್ ಹಂಚುವ ಬಿಡಿಭಾಗಗಳೂ ಈ ಬೋಳು ಬೋರ್ಡಿನಲ್ಲೇ ಗಟ್ಟಿಯವು, ಆ ಭಾರಿಯದರಲ್ಲಿ ಕವಚದ ಕೆಳಗೆ ಸಾಧಾರಣದವನ್ನು ಹಾಕಿದ್ದಾರೆ. ಇಷ್ಟು ಹೇಳಿ ನನ್ನ ಕಡೆ ನೋಡಿ ನಕ್ಕಳು.

"ತಗಡು ತೂಗಿ ಬೋರ್ಡ್ ಆರಿಸೋಕಾಗಲ್ಲ ಮಾವ."

ಮಾಲೀಕರು ಜೋರಾಗಿ ನಕ್ಕರು. ಬಿಲ್ಲು ಬರೆಯುವ ಹೆಂಗಸೂ ನಕ್ಕಳು. ನಾನೂ ನಕ್ಕೆ. ಸೊಸೆಯ ಮಾತಿನಲ್ಲಿ ಕುಹಕವಿರಲಿಲ್ಲ, ಮನೆಯಲ್ಲಿ ನಾವು ಆಡಿಕೊಳ್ಳುವ ಸಲಿಗೆಯೇ ಅದು. ಅವಳು ಹೇಳಿದ್ದು ಅಕ್ಷರಶಃ ನಿಜ ಎಂದೂ ನನಗೆ ಗೊತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ನಾನು ಬೋರ್ಡನ್ನು ಅಂಗೈಯಲ್ಲಿ ತೂಗಿಯೇ ಮಾರಿದ್ದೆ, ಅದು ಮಾಲೀಕರಿಗೂ ಗೊತ್ತಿತ್ತು. ನನ್ನ ದೀಪದ ಬೋರ್ಡನ್ನು ಪೆಟ್ಟಿಗೆಗೆ ತುರುಕಿ ಕಪಾಟಿಗೆ ತಳ್ಳಿದೆ.

ಸೊಸೆ ಬಿಲ್ಲು ಮಾಡಿಸಲು ಆಚೆ ಮೇಜಿಗೆ ಹೋದಳು. ಮಾಲೀಕರು ನನ್ನ ಭುಜ ತಟ್ಟಿ, ಏನು ಭೂತಗನ್ನಡಿ, ಸೊಸೆ ನಿಮ್ಮನ್ನೇ ಮೀರಿಸಿದಳಲ್ಲ, ಇನ್ನು ಕೌಂಟರಿಗೆ ಅವಳನ್ನೇ ಕೂರಿಸೋಣವೇ ಎಂದು ತಮಾಷೆ ಮಾಡಿದರು. ಓದಿದ ಮಾತು ಬೇರೆ, ಪಳಗಿದ ಕೈ ಬೇರೆ ಎಂದು ನಾನು ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವ ಜಾಯಮಾನ ನನ್ನದಲ್ಲ. ಪ್ರಾಯದಲ್ಲಿ ನನ್ನದೊಂದು ಆಟವಿತ್ತು: ಕಣ್ಣು ಮುಚ್ಚಿಕೊಂಡು ಪ್ರೊಸೆಸರನ್ನು ಸಾಕೆಟ್ಟಿನಲ್ಲಿ ಕೂರಿಸುವುದು. ಹತ್ತು ವರ್ಷದಿಂದ ಮಾಡಿರಲಿಲ್ಲ. ಡ್ರಾಯರಿನಿಂದ ಒಂದು ಹಳೆಯ ಪ್ರೊಸೆಸರ್ ತೆಗೆದೆ, ಸೊಸೆಯ ಬೋರ್ಡಿನ ಮುಚ್ಚಳ ಎತ್ತಿದೆ, ಮಾಲೀಕರ ಕಡೆ ಮುಖ ಮಾಡಿ ಕಣ್ಣು ಮುಚ್ಚಿದೆ.

ಬೆರಳು ಬೆವೆತಿತ್ತೋ ವಯಸ್ಸಾಗಿತ್ತೋ, ಪ್ರೊಸೆಸರ್ ಒಂದು ಮೂಲೆಯಿಂದ ಜಾರಿ ಒಳಗೆ ಬಿತ್ತು. ಸದ್ದೇನೂ ಆಗಲಿಲ್ಲ. ಬೆರಳಿಗೆ ಮಾತ್ರ ತಿಳಿಯಿತು. ಅಷ್ಟರಲ್ಲಿ ಮಾಲೀಕರಿಗೆ ಫೋನು ಬಂದು ಅವರು ಆಚೆ ತಿರುಗಿದ್ದರು. ಪ್ರೊಸೆಸರ್ ಎತ್ತಿ ಭೂತಗನ್ನಡಿಯಲ್ಲಿ ನೋಡಿದೆ. ಎಡಗಡೆಯ ಅಂಚಿನಲ್ಲಿ ಎರಡು ಪಿನ್ನು, ಸಾಲು ಬಿಟ್ಟು, ಒಂದರ ಮೇಲೊಂದು ಒರಗಿದ್ದವು.

ಸೊಸೆ ಬಿಲ್ಲು ಹಿಡಿದು ಬರುವ ಚಪ್ಪಲಿಯ ಸದ್ದು ಕೇಳಿಸಿತು. ನಾನು ಮುಚ್ಚಳ ಹಾಕಿಬಿಟ್ಟೆ. ಯೋಚಿಸಿ ಹಾಕಿದ್ದಲ್ಲ, ಕೈಯೇ ಹಾಕಿತು. ಆಮೇಲಿನದು ಮಾತ್ರ ಯೋಚಿಸಿಯೇ ಮಾಡಿದ್ದು.

"ಪಿನ್ ತೋರಿಸಲ್ವಾ ಮಾವ?" ಎಂದಳು.

"ಮನೆಯವಳಿಗೆ ಎಂಥ ಭೂತಗನ್ನಡಿ? ನಾನು ನೋಡಿದ್ದೀನಿ, ತಗೊಂಡು ಹೋಗು."

ನೋಡಿದ್ದೀನಿ ಎಂಬ ಮಾತು ಸುಳ್ಳೂ ಅಲ್ಲ. ಅವಳು ನಂಬಿ ಪೆಟ್ಟಿಗೆ ಎತ್ತಿಕೊಂಡು ಹೋದಳು. ಸಂಜೆ ಬೇಗ ಮನೆಗೆ ಹೋಗಿ, ಅವಳು ತೆರೆಯುವ ಮೊದಲೇ ಸೂಜಿಯಿಂದ ಸದ್ದಿಲ್ಲದೆ ನೇರ ಮಾಡಿಬಿಟ್ಟರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಗಿದ ಪಿನ್ನು ನೇರ ಮಾಡುವುದರಲ್ಲಿ ಈ ಬೀದಿಯಲ್ಲೇ ನನ್ನನ್ನು ಬಿಟ್ಟರಿಲ್ಲ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಬೇಗ ಹೊರಡುತ್ತೇನೆ ಎಂದು ಮಾಲೀಕರನ್ನು ಕೇಳಲು ಸಹ ಅವತ್ತು ಬಾಯಿ ಬರಲಿಲ್ಲ. ಎಂದಿನ ಹೊತ್ತಿಗೇ ಹೊರಟೆ.

ಮನೆ ತಲುಪಿದಾಗ ಸೊಸೆ ನಡುಮನೆಯ ನೆಲದ ಮೇಲೆ ಕೂತಿದ್ದಳು. ಮಧ್ಯಾಹ್ನ ಮಗು ಮಲಗಿದ ತಕ್ಷಣ ಜೋಡಿಸಿಬಿಟ್ಟಿದ್ದಳು. ಯಂತ್ರ ಶುರುವಾಯಿತಂತೆ, ಆದರೆ ಎರಡು ಮೆಮೊರಿಯಲ್ಲಿ ಒಂದೇ ಕಾಣಿಸಿತಂತೆ. ಮೆಮೊರಿ ಅದಲುಬದಲು ಮಾಡಿ ನೋಡಿ, ಕೊನೆಗೆ ಪ್ರೊಸೆಸರನ್ನೇ ತೆಗೆದು, ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಪಿನ್ನುಗಳನ್ನು ನೋಡಿದ್ದಳು. ಬಟ್ಟೆಯ ಮೇಲೆ ಬೋರ್ಡನ್ನು ಮಲಗಿಸಿಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

"ಮಾವ, ನಾನು ಹಾಳು ಮಾಡಿಬಿಟ್ಟೆ."

ನಾನು ಚಪ್ಪಲಿ ಬಿಡುತ್ತಿದ್ದೆ. ಒಂದು ಕಾಲಿನದು ಬಿಟ್ಟಿದ್ದೆ, ಇನ್ನೊಂದು ಬಿಡಬೇಕಿತ್ತು. ಇಲ್ಲಮ್ಮ, ನಾನು ಬಾಗಿಸಿದ್ದು ಎಂದು ಹೇಳುವವನಿದ್ದೆ. ಅಷ್ಟರಲ್ಲಿ ಮಗ ಒಳಗಿನಿಂದ, ಅಪ್ಪ ನೋಡಿ ಕೊಟ್ಟ ಬೋರ್ಡ್ ಅಂದ್ರೆ ಪಿನ್ ಸರಿಯಿದ್ದೇ ಇರುತ್ತೆ, ಇವಳೇ ಅವಸರ ಮಾಡಿದ್ದು ಎಂದು ಗೊಣಗುತ್ತ ಬಂದ. ಹೆಂಡತಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೂವರೂ ನನ್ನನ್ನೇ ನೋಡುತ್ತಿದ್ದರು.

"ಹೋಗ್ಲಿ ಬಿಡು," ಎಂದೆ. "ಕೈ ತಪ್ಪೋದು ಇದ್ದದ್ದೇ."

ಯಾರ ಕೈ ಎಂದು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಸೂಜಿ ತರಿಸಿ, ಕಿಟಕಿಯ ಹತ್ತಿರ ಕೂತು, ಉಸಿರು ಬಿಗಿಹಿಡಿದು ಎರಡೂ ಪಿನ್ನುಗಳನ್ನು ಎಬ್ಬಿಸಿ ನಿಲ್ಲಿಸಿದೆ. ಅರ್ಧ ಗಂಟೆ ಹಿಡಿಯಿತು. ನಾನೇ ಪ್ರೊಸೆಸರ್ ಕೂರಿಸಿ ಚಾಲೂ ಮಾಡಿದಾಗ ಎರಡೂ ಮೆಮೊರಿ ಕಾಣಿಸಿದವು. ಮಗ ಚಪ್ಪಾಳೆ ತಟ್ಟಿದ. ಸೊಸೆ ಕಣ್ಣೊರೆಸಿಕೊಂಡು, ನೀವಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು ಮಾವ ಎಂದಳು. ಹೆಂಡತಿ ಅವತ್ತು ನನಗೆ ಕೇಳದೆಯೇ ಎರಡನೇ ಲೋಟ ಚಹಾ ತಂದಿಟ್ಟಳು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ಯಾರೂ ಚಹಾ ಕೊಟ್ಟಿರಲಾರರು. ನಾಚಿಕೆ ಬಿಟ್ಟು ಕುಡಿದೆ.

ಅವತ್ತಿನಿಂದ ಸೊಸೆ ಸಾಕೆಟ್ಟನ್ನು ಮುಟ್ಟಲಿಲ್ಲ. ಮಿಕ್ಕೆಲ್ಲ ಮಾಡುತ್ತಿದ್ದಳು. ವಿದ್ಯುತ್ತು ಒಂದು ಕೂದಲು ಹೆಚ್ಚಿಸುವುದು, ವೇಗ ಒಂದು ಮೆಟ್ಟಿಲು ಏರಿಸುವುದು, ಗಂಟೆಗಟ್ಟಲೆ ಓಡಿಸಿ ತಪ್ಪು ಬಂತೇ ನೋಡುವುದು, ಎಲ್ಲವನ್ನೂ ಒಂದು ಗೆರೆಯ ಪುಸ್ತಕದಲ್ಲಿ ದುಂಡಗೆ ಬರೆದಿಡುವುದು. ಅವಳು ಆರಿಸಿದ ಆ ಬೋಳು ಬೋರ್ಡು ಅವಳು ಹೇಳಿದ ಹಾಗೆಯೇ ನಡೆದುಕೊಂಡಿತು. ನನ್ನ ದೀಪದ ಮದುಮಗ ಮುಗ್ಗರಿಸಬಹುದಾಗಿದ್ದ ವೇಗದಲ್ಲಿ ಅದು ತಣ್ಣಗೆ ಓಡುತ್ತಿತ್ತು. ಆದರೆ ಪ್ರೊಸೆಸರ್ ತೆಗೆದು ಹಾಕುವುದು ಬಂದರೆ, ಮಾವ ಬರಲಿ ಎಂದು ಎಲ್ಲವನ್ನೂ ಬಟ್ಟೆ ಮುಚ್ಚಿ ಇಡುತ್ತಿದ್ದಳು. ನಾನು ಅಂಗಡಿಯಿಂದ ಬಂದು ಕೈ ತೊಳೆದು ಕೂರಿಸಿಕೊಡುತ್ತಿದ್ದೆ. ಪ್ರತಿ ಸಲವೂ ಅವಳು ಥ್ಯಾಂಕ್ಸ್ ಮಾವ ಅನ್ನುತ್ತಿದ್ದಳು. ನನಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ, ಅದಕ್ಕೆಲ್ಲ ಯಾಕೆ ಥ್ಯಾಂಕ್ಸು ಎಂದು ಸಿಡುಕಿಯೂ ಬಿಟ್ಟೆ. ಅವಳು ಪಾಪ, ತೊಂದರೆ ಕೊಡುತ್ತಿದ್ದೇನೆ ಎಂದು ತಿಳಿದು ಮುಖ ಸಣ್ಣದು ಮಾಡಿಕೊಂಡಳು.

ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ಕೈ ಜಾರಿದವನಾಗುತ್ತಿದ್ದೆ. ಹದಿನೈದನೇ ದಿನ ಹೇಳಿದರೆ ಸುಳ್ಳನಾಗುತ್ತೇನೆ. ಆ ಲೆಕ್ಕಾಚಾರದಲ್ಲೇ ಒಂದೂವರೆ ತಿಂಗಳು ಕಳೆಯಿತು. ಬಾಯಿಬಿಡುವ ಬದಲು ಅಡ್ಡದಾರಿ ಹುಡುಕಿದೆ. ನಿನ್ನ ಕೈ ಬಲು ಚೆನ್ನಾಗಿದೆ, ನೀನೇ ಕೂರಿಸು ಎಂದು ಹೊಗಳಿದೆ. ಒಂದು ಭಾನುವಾರ ಅಂಗಡಿಯಿಂದ ಕೆಟ್ಟ ಬೋರ್ಡೊಂದನ್ನು ತಂದು, ಇದರಲ್ಲಿ ಅಭ್ಯಾಸ ಮಾಡು ಎಂದು ಮುಂದಿಟ್ಟೆ. ಅವಳು ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ಸಾಕೆಟ್ಟಿನ ಮೇಲೆ ತಂದಳು. ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗಿತು. ಮತ್ತೆ ಕೆಳಗಿಟ್ಟಳು. ನನ್ನ ಕೈ ನಂಬೋ ಹಾಗಿಲ್ಲ ಮಾವ, ನೋಡಿದ್ರಲ್ಲ ಎಂದಳು. ಅವಳ ಹತ್ತಿರ ಪುರಾವೆಯಿತ್ತು. ಆ ಪುರಾವೆ ಕೊಟ್ಟವನು ನಾನು.

ಪರೀಕ್ಷೆಗೆ ವಾರವಿದ್ದಾಗ ನಿಯಮಗಳ ಪತ್ರ ಬಂತು. ಬೋರ್ಡು, ಪ್ರೊಸೆಸರ್, ಮೆಮೊರಿ ಎಲ್ಲವನ್ನೂ ಬಿಡಿಬಿಡಿಯಾಗಿ ತರಬೇಕು, ಅಭ್ಯರ್ಥಿ ಅಲ್ಲೇ ತನ್ನ ಕೈಯಿಂದಲೇ ಜೋಡಿಸಬೇಕು, ಜೋಡಿಸುವುದು ಓಡಿಸುವುದು ಎಲ್ಲ ಸೇರಿ ಎರಡು ಗಂಟೆ, ಬೇಗ ಮುಗಿಸಿದವರಿಗೆ ಹೆಚ್ಚು ಅಂಕ. ಸೊಸೆ ಪತ್ರ ಓದಿ ಮಡಿಸಿಟ್ಟಳು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಬೋರ್ಡಿನ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದಳು.

ನೇರವಾಗಿ ಮಾಲೀಕರ ಹತ್ತಿರ ಹೋಗಿ, ನಾಳೆ ಹೋಗುತ್ತಿಲ್ಲ ಎಂದು ಪ್ರಯೋಗಾಲಯಕ್ಕೆ ತಿಳಿಸಿಬಿಡುತ್ತೇನೆ, ಈ ಬೋರ್ಡು ಯಾರಿಗಾದರೂ ಉಪಯೋಗವಾದರೆ ಕೊಟ್ಟುಬಿಡಿ, ಎರಡು ಪಿನ್ನು ಬಾಗಿ ನೇರವಾದದ್ದು ಎಂದು ಹೇಳಿಯೇ ಕೊಡಿ ಎಂದಳು. ಮುಚ್ಚಿಟ್ಟು ಮಾರುವುದು ಅವಳ ಜಾತಕದಲ್ಲೇ ಇಲ್ಲ. ಮಾಲೀಕರು ಬೇಜಾರು ಪಟ್ಟುಕೊಂಡರು. ಕೈ ಅಭ್ಯಾಸ ತಪ್ಪಿದಾಗ ಪಿನ್ನು ಬಾಗುವುದು ಸಹಜ, ಅದಕ್ಕೆ ಇಷ್ಟು ಕುಗ್ಗಬಾರದು, ಮಾವನಂಥ ಕೈ ಎಲ್ಲರಿಗೂ ಬರುತ್ತದೆಯೇ ಎಂದರು. ಬಿಲ್ಲು ಬರೆಯುವ ಹೆಂಗಸು ಎದ್ದು ಬಂದು, ಭೂತಗನ್ನಡಿ ಹೇಗೆ ಆ ಬೋರ್ಡು ಉಳಿಸಿದರು ಎಂದು ನಾವು ಬರುವ ಗಿರಾಕಿಗಳಿಗೆಲ್ಲ ಹೇಳುತ್ತೇವೆ ಎಂದಳು. ನಿಜ, ಮಗನ ಬಾಯಿಂದ ಕೇಳಿದಂದಿನಿಂದ ಹೇಳುತ್ತಿದ್ದರು. ಎರಡು ತಿಂಗಳಿಂದ ನಾನು ಅದನ್ನು ಕೇಳಿಸಿಕೊಂಡು ಮೀಸೆಯಡಿ ನಕ್ಕು ಸುಮ್ಮನಿದ್ದೆ.

ಸೊಸೆ ಹೌದೆಂದು ತಲೆಯಾಡಿಸಿದಳು. ಆ ತಲೆಯಾಡಿಸಿದ್ದನ್ನು ನನ್ನಿಂದ ನೋಡಲಾಗಲಿಲ್ಲ.

"ಅವಳಲ್ಲ ಬಾಗಿಸಿದ್ದು," ಎಂದೆ. "ನಾನು. ಇದೇ ಕೌಂಟರಲ್ಲಿ, ಕಣ್ಣು ಮುಚ್ಚಿ ಕೂರಿಸ್ತೀನಿ ಅಂತ ಹೋಗಿ."

ಮಾಲೀಕರು ಇದೂ ತಮಾಷೆಯೆಂದು ತಿಳಿದು ಅರ್ಧ ನಕ್ಕರು. ನಾನು ಎಲ್ಲ ಹೇಳಿದೆ. ಫೋನು ಬಂದದ್ದು, ಅವರು ತಿರುಗಿದ್ದು, ನಾನು ಭೂತಗನ್ನಡಿಯಲ್ಲಿ ನೋಡಿ ಮುಚ್ಚಳ ಹಾಕಿದ್ದು, ಅವಳು ಪಿನ್ನು ತೋರಿಸಿ ಎಂದು ಕೇಳಿದ್ದು. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಅಸಹ್ಯವಾಯಿತು. ಮಾಲೀಕರ ನಗು ಮುಖದ ಮೇಲೇ ಒಣಗಿತು. ಬಿಲ್ಲಿನ ಹೆಂಗಸು ತನ್ನ ಮೇಜಿಗೆ ಹೋಗಿ ಸುಮ್ಮನೆ ಕಾಗದ ಜೋಡಿಸತೊಡಗಿದಳು. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು, ಆದರೆ ಅಂಗಡಿಯ ನೆಲ ಗಟ್ಟಿ ಸಿಮೆಂಟಿನದು.

ಸೊಸೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬೋರ್ಡಿನ ಪೆಟ್ಟಿಗೆಯನ್ನು ಮಾಲೀಕರ ಮುಂದಿನಿಂದ ಎಳೆದುಕೊಂಡು ಮತ್ತೆ ಚೀಲಕ್ಕೆ ಹಾಕಿದಳು.

"ನಾಳೆ ನೀವು ಬರಬೇಡಿ ಮಾವ," ಎಂದಳು. "ಮನೇಲಿ ನಾನು ಹೇಳಲ್ಲ. ಅದು ನಿಮ್ಮ ಕೆಲಸ."

ಆ ಸಂಜೆ ಮನೆಯಲ್ಲಿ ನಾನು ಹೇಳಲಿಲ್ಲ. ಪರೀಕ್ಷೆಯ ಮುಂಚೆ ಮನೆಯಲ್ಲಿ ರಂಪ ಬೇಡ ಎಂಬ ನೆಪ ಸಿಕ್ಕಿತು. ನನಗೆ ನೆಪಕ್ಕೆ ಯಾವತ್ತೂ ಬರವಿಲ್ಲ. ಬೆಳಿಗ್ಗೆ ಅವಳು ಚೀಲ ಹೆಗಲಿಗೆ ಹಾಕಿಕೊಂಡು, ಅತ್ತೆಗೆ ಹೇಳಿ, ಮಗುವಿಗೆ ಮುತ್ತು ಕೊಟ್ಟು ಹೊರಟಳು. ನಾನು ಅಂಗಡಿಗೆ ರಜೆ ಹಾಕಿ, ನಡುಮನೆಯಲ್ಲಿ ಪೇಪರು ಹಿಡಿದುಕೊಂಡು, ಒಂದೇ ಪುಟವನ್ನು ಮಧ್ಯಾಹ್ನದವರೆಗೂ ಓದುತ್ತ ಕೂತೆ. ಹೆಂಡತಿ ಎರಡು ಸಲ ಹಣೆ ಮುಟ್ಟಿ ನೋಡಿ ಹೋದಳು.

ಮೂರು ಗಂಟೆಗೆ ಸೊಸೆ ಬಂದಳು. ಚೀಲ ಕೆಳಗಿಟ್ಟು, ಅಡುಗೆಮನೆಗೆ ಹೋಗಿ ನೀರು ಕುಡಿದಳು. ಹೆಂಡತಿ ಏನಾಯಿತು ಎಂದು ಕೇಳಿದ್ದು ನನಗೆ ಕೇಳಿಸಿತು. ಮಗನೂ ಅಲ್ಲೇ ಊಟ ಮಾಡುತ್ತಿದ್ದ. ಹದಿನಾಲ್ಕು ಜನ ಬಂದಿದ್ದರಂತೆ. ಅವಳು ಬೋರ್ಡು ಆರಿಸಿದ ಕಾರಣ ಬರೆದ ಪುಟವನ್ನು ಪರೀಕ್ಷಕರು ಎಲ್ಲರ ಮುಂದೆ ಓದಿದರಂತೆ. ಮೆಮೊರಿಯ ವೇಗದಲ್ಲಿ ಅವಳದ್ದೇ ಎಲ್ಲರಿಗಿಂತ ಮೇಲಂತೆ. ಆದರೆ ಪ್ರೊಸೆಸರ್ ಹಿಡಿದುಕೊಂಡು ಸಾಕೆಟ್ಟಿನ ಮುಂದೆ ನಿಂತದ್ದೇ ಹನ್ನೊಂದು ನಿಮಿಷವಂತೆ. ಕೂರಿಸಿದಳಂತೆ, ಸರಿಯಾಗಿಯೇ ಕೂರಿಸಿದಳಂತೆ. ಅಂಕ ಕೂಡಿಸಿದಾಗ ನಾಲ್ಕನೆಯವಳಾದಳು. ಅವರಿಗೆ ಬೇಕಿದ್ದದ್ದು ಮೂವರು.

"ಮತ್ತೆ ಕೈ ನಡುಗ್ತಾ?" ಎಂದು ಮಗ ಕೇಳಿದ. ತಟ್ಟೆಯ ಮೇಲಿನಿಂದ ತಲೆ ಎತ್ತದೆ, "ನಾನು ಅವತ್ತೇ ಹೇಳ್ದೆ, ಅದೆಲ್ಲ ಅಪ್ಪನಂಥ ಕೈ ಇರೋರಿಗೆ."

ಸೊಸೆ ಏನಾದರೂ ಹೇಳುತ್ತಾಳೆ ಎಂದು ನಾನು ಕಾದೆ. ಈಗಲಾದರೂ ಅವಳೇ ಹೇಳಿ ಮುಗಿಸಿಬಿಡಲಿ ಎಂದು ನಾನು ಆಸೆಪಟ್ಟೆ, ಅದನ್ನು ಬರೆಯಲೂ ನಾಚಿಕೆಯಾಗುತ್ತದೆ. ಲೋಟ ತೊಳೆದು ಬೋರಲು ಹಾಕಿದ ಸದ್ದು ಮಾತ್ರ ಬಂತು.

ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಮಗನಿಗೆ ತುತ್ತು ಕೆಳಗಿಡು ಎಂದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅಂಗಡಿಯಲ್ಲಿ ಹೇಳಿದ್ದಕ್ಕಿಂತ ಇದು ಕಷ್ಟವಿತ್ತು. ಅಲ್ಲಿ ಹೋದದ್ದು ಬಿರುದು. ಇಲ್ಲಿ ಮಗ ನನ್ನ ಮುಖವನ್ನು ಯಾರೋ ಬಾಡಿಗೆಗೆ ಬಂದವನ ಮುಖದ ಹಾಗೆ ನೋಡುತ್ತಿದ್ದ. ಸೊಸೆ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ನಾನು ಮುಗಿಸಿದ ಮೇಲೆ ಮಗ ತಟ್ಟೆ ಸರಿಸಿ, ಅವಳ ಹತ್ತಿರ ಹೋಗಿ ನಿಂತ.

ಹೆಂಡತಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. ನನ್ನನ್ನು ಬೈಯಲಿಲ್ಲ. ಮಗುವಿನ ಪುಟ್ಟ ಕೈಯನ್ನು ತನ್ನ ಅಂಗೈಯಲ್ಲಿ ಹಿಡಿದು ನೋಡಿದಳು, ಆಮೇಲೆ ಸೊಸೆಯ ಬೆನ್ನನ್ನು ನೋಡಿದಳು.

"ಅದಕ್ಕೇನಾ," ಎಂದಳು, "ಎರಡು ತಿಂಗಳಿಂದ ನೀನು ಮಗು ಉಗುರನ್ನ ನನ್ನ ಕೈಲೇ ತೆಗೆಸ್ತಿದ್ದಿದ್ದು?"

ಸೊಸೆ ತಿರುಗಲಿಲ್ಲ. ತಲೆಯನ್ನು ಮಾತ್ರ ಸ್ವಲ್ಪ ಆಡಿಸಿದಳು, ಹೌದು ಎಂದು. ನಾನು ಆ ಬಾಗಿಲಲ್ಲೇ ನಿಂತಿದ್ದೆ, ಒಳಗೆ ಹೋಗುವ ಮುಖ ನನಗಿರಲಿಲ್ಲ.